ನೋಟುಬುಕ್ಕಿನ ಹಿಂದಿನ ಹಾಳೆಗಳು

ಮಷಹದ್, ೨೦ ಸೌರ್ ೧೪೦೧

ಸನೋಬರ್,

ಇದನ್ನು ನಿನಗೆ ಕಳಿಸುವುದಿಲ್ಲ. ನಿನ್ನದೇ ನೋಟುಬುಕ್ಕಿನ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಸೂಲಗಿತ್ತಿ ಶಾಲೆಯ ಮೂರನೇ ವರ್ಷದ ಪಾಠ, ಅಂದವಾಗಿ ನಕಲು ಮಾಡಿಕೊಡು ಎಂದು ಕೊಟ್ಟಿದ್ದೆಯಲ್ಲ, ಅದು. ಹೆರಾತ್ ಬಿಡುವ ಗಡಿಬಿಡಿಯಲ್ಲಿ ನನ್ನ ಬಟ್ಟೆಗಳ ನಡುವೆ ಸೇರಿ ಗಡಿ ದಾಟಿದೆ. ಕಾಗದ ತೆಳು, ಶಾಯಿ ಹಿಂದಕ್ಕೆ ಇಳಿಯುತ್ತದೆ. ಅದಕ್ಕೇ ಒಂದೇ ಮಗ್ಗುಲಿಗೆ ಬರೆಯುತ್ತಿದ್ದೇನೆ.

ನಾವು ಹೊರಡುವುದಕ್ಕೆ ನಾಲ್ಕು ದಿನ ಮುಂಚೆ, ಮಂಗಳವಾರ. ಅಪ್ಪ ವೀಸಾ ಸಾಲಿನಲ್ಲಿ ನಿಲ್ಲಲು ಹೋಗಿದ್ದರು. ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಬಾಗಿಲು ಬಡಿದರು. ನೀನಾಗಿದ್ದರೆ ನಮ್ಮಿಬ್ಬರ ಮನೆಗಳ ನಡುವಿನ ಗೋಡೆ ಬಡಿಯುತ್ತಿದ್ದೆ, ಇದು ಬೇರೆ ಯಾರೋ ಎಂದು ಗೊತ್ತಾಯಿತು. ತೆರೆದರೆ ಮೂವರು ಹೆಂಗಸರು. ಅವರ ಹಿಂದೆ, ಗಲ್ಲಿಯ ಬಾಯಲ್ಲಿ, ಈಗ ಆಳುವವರ ಬಿಳಿ ಬಾವುಟದ ಹಸಿರು ಗಾಡಿ.

ಅವರಲ್ಲಿ ಹಿರಿಯಳು ಮುಸುಕು ಎತ್ತಿ ನನ್ನ ಹಲ್ಲು, ಕೈ, ಕಾಲು ಎಲ್ಲವನ್ನೂ ಒಂದೇ ನೋಟದಲ್ಲಿ ನೋಡಿ ಮುಗಿಸಿದಳು.

"ಮೇಷ್ಟ್ರ ಮನೆ ಇದೇ ಏನಮ್ಮಾ?"

"ಯಾವ ಮೇಷ್ಟ್ರು?"

"ಅದೇ, ಓದಿದ ಮಗಳಿದಾಳಲ್ಲ. ಕಥೆನೋ ಕವಿತೆನೋ ಓದಿದಾಳಂತೆ. ನಮ್ಮ ಹುಡುಗಂಗೆ ಓದಿದೋಳೇ ಬೇಕಂತೆ. ಕರ್ಕೊಂಡೋಗಿ ಏನ್ ಮಾಡ್ತಾನೋ, ಓದಕ್ಕಂತೂ ಬಿಡಲ್ಲ."

ಉಳಿದಿಬ್ಬರು ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ.

ನಮ್ಮ ಗಲ್ಲಿಯಲ್ಲಿ ಇಬ್ಬರು ಮೇಷ್ಟರ ಮನೆಗಳಿದ್ದವು. ತೀರಿಕೊಂಡ ನಿನ್ನ ಅಪ್ಪನದು, ಬದುಕಿರುವ ನನ್ನ ಅಪ್ಪನದು. ಇಬ್ಬರಿಗೂ ಓದಿದ ಹೆಣ್ಣುಮಕ್ಕಳು. ಹೆಣ್ಣು ಕೇಳಲು ಬಂದವರು ಹುಡುಗಿಯ ಹೆಸರು ಎತ್ತುವುದಿಲ್ಲ, ನಾವೂ ಹೇಳುವುದಿಲ್ಲ. ಹೆಸರು ಹಿಡಿದು ಕೇಳಿದ್ದರೆ ನಾನು ಸುಳ್ಳು ಹೇಳಬೇಕಾಗುತ್ತಿತ್ತು. ಸುಳ್ಳು ಹೇಳಿದರೆ ನನ್ನ ಕಿವಿಯ ತುದಿ ಕೆಂಪಾಗುತ್ತದೆ, ನಿನಗೆ ಗೊತ್ತು. ಹೆಸರಿಲ್ಲದ ಪ್ರಶ್ನೆಗೆ ಬೆರಳು ಸಾಕಾಯಿತು. ಹಿಟ್ಟು ಮೆತ್ತಿದ ಬೆರಳು ತೋರಿಸಿ ಅಂದೆ: "ಆ ನೀಲಿ ಬಾಗಿಲು. ನಾನು ಇಲ್ಲಿ ಕೆಲಸದೋಳು."

ಅವಳು ನನ್ನ ತಲೆ ನೇವರಿಸಿ, "ಒಳ್ಳೇದಾಗ್ಲಿ ಮಗಳೇ" ಎಂದಳು.

ಬಾಗಿಲು ಹಾಕಿಕೊಂಡು ಮತ್ತೆ ಹಿಟ್ಟು ನಾದಿದೆ. ನಿಮ್ಮ ಬಾಗಿಲು ತೆರೆದ ಸದ್ದು, ನಿನ್ನ ಅಮ್ಮ ಖಾಲಾ ಹಲೀಮಾ "ಬನ್ನಿ, ಬನ್ನಿ" ಎಂದದ್ದು, ಎಲ್ಲ ಕೇಳಿಸಿತು. ಹೆತ್ತ ತಾಯಿ ಸತ್ತ ನನ್ನನ್ನು ನಿನ್ನ ಪಕ್ಕದಲ್ಲೇ ಮಲಗಿಸಿಕೊಂಡು ಹಾಲು ಕುಡಿಸಿದ ಖಾಲಾ. ಆಮೇಲಿನ ನಾಲ್ಕು ದಿನಗಳಲ್ಲಿ ನಾನು ನಿಮ್ಮ ಮನೆಗೆ ಮೂರು ಸಲ ಬಂದೆ, ಮೂರು ಸಲವೂ ಚಹಾ ಕುಡಿದೆ. ಹೆಂಗಸರು ಬಂದಿದ್ದರು ಎಂದು ನೀನೇ ಹೇಳಿದೆ, "ಹೋಗ್ಲಿ ಬಿಡು, ಅಮ್ಮ ಒಪ್ಪಲ್ಲ" ಅಂದೆ. ನಾನು ಸಕ್ಕರೆ ಬಾದಾಮಿ ಕಚ್ಚುತ್ತ ತಲೆಯಾಡಿಸಿದೆ.

ಇಷ್ಟು ಬರೆದ ಮೇಲೂ ಏನೂ ಹಗುರಾಗಲಿಲ್ಲ.

ಬನಫ್ಶಾ


ಮಷಹದ್, ೧೫ ಸುಂಬುಲಾ ೧೪೦೧

ಪ್ರೀತಿಯ ಅಕ್ಕನಿಗೆ ತಂಗಿಯ ಸಲಾಮು.

ನಿನಗಿಂತ ಮೂರು ತಿಂಗಳಿಗಷ್ಟೇ ಚಿಕ್ಕವಳಾದರೂ ಅಕ್ಕ ಎಂದೇ ಬರೆಯುತ್ತೇನೆ. ದಾರಿಯಲ್ಲಿ ಯಾರಾದರೂ ತೆರೆದರೆ ಹೆಸರು ಇರದಿದ್ದರೆ ಒಳ್ಳೆಯದು.

ನಿನ್ನ ಮದುವೆಯ ಸುದ್ದಿ ಹೆರಾತ್‌ಗೆ ಲಾರಿ ಓಡಿಸುವ ಕಾಕಾ ನಿಯಾಜ್ ತಂದರು. ನಾನು ಇಲ್ಲಿನ ಗುಲ್‌ಶಹರ್ ಬಡಾವಣೆಯ ಹೊಲಿಗೆ ಅಂಗಡಿಯಲ್ಲಿ ಚಾದರಗಳ ಅಂಚು ಮಡಿಸುತ್ತಿದ್ದೆ. "ನಿಮ್ ಖಾಲಾ ಮಗಳು ದೊಡ್ಡ ಮನೆ ಸೇರಿದ್ಲು ಕಣಮ್ಮಾ. ಓಬೆ ಕಡೆ ಹಳ್ಳಿ. ಜಮೀನಿದೆ, ಗಾಡಿ ಇದೆ" ಎಂದರು. ಸಂತೋಷವಾಯಿತು. ಸೂಜಿ ಬೆರಳಿಗೆ ಚುಚ್ಚಿದ್ದು ನೋಡಿ ಮೇಲ್ವಿಚಾರಕಿ, "ಏ ಅಫ್ಘಾನಿ, ಬಟ್ಟೆ ಹೊಲಿ, ಕನಸು ಹೊಲೀಬೇಡ" ಎಂದು ಗದರಿದಳು. ಅವಳು ಕೆಟ್ಟವಳಲ್ಲ, ನಮ್ಮ ಯಾರ ಹೆಸರೂ ಅವಳಿಗೆ ನಾಲಿಗೆಗೆ ಬರುವುದಿಲ್ಲ ಅಷ್ಟೆ.

ಅಪ್ಪ ಕ್ಷೇಮ. ಹೆರಾತ್‌ನಲ್ಲಿ ಭೂಗೋಳ ಕಲಿಸುತ್ತಿದ್ದವರು ಇಲ್ಲಿ ಕಟ್ಟಡವೊಂದರ ಕಾವಲುಗಾರ. ಅಲ್ಲಿನ ಕೂಲಿಗಳಿಗೆ ನದಿಗಳ ಹೆಸರು ಹೇಳಿಕೊಡುತ್ತಾರಂತೆ.

ನಿನಗಾಗಿ ಕಲ್ಲುಸಕ್ಕರೆ, ಒಂದು ಚಿಟಿಕೆ ಕೇಸರಿ, ನಾನೇ ಹೊಲಿದ ಎರಡು ದಿಂಬಿನ ಹೊದಿಕೆ ಕಳಿಸಿದ್ದೇನೆ. ಖಾಲಾ ನಿನ್ನನ್ನು ನೋಡಲು ಬರುವಾಗ ಕೊಡುತ್ತಾರೆ. ಇನ್ನೇನಾದರೂ ಬೇಕಿದ್ದರೆ ಬರೆ. ಏನೇ ಆದರೂ ಬರೆ, ಖಂಡಿತ ಕಳಿಸುತ್ತೇನೆ.

ನಿನ್ನ ತಂಗಿ


ಓಬೆ, ೪ ಅಕ್ರಬ್ ೧೪೦೧

ಬನಫ್ಶಾ,

ನಿನ್ನ ಪತ್ರ ಬಿಸ್ಕತ್ತಿನ ಡಬ್ಬದ ತಳದಲ್ಲಿ ಬಂತು. ಅಮ್ಮನಿಗೆ ಓದು ಬರದಿರುವುದು ಇದೇ ಮೊದಲ ಸಲ ಉಪಯೋಗಕ್ಕೆ ಬಂದದ್ದು, ಏನು ತಂದಿದ್ದೇನೆಂದು ಅವಳಿಗೇ ಗೊತ್ತಿಲ್ಲದ್ದರಿಂದ ಧೈರ್ಯವಾಗಿ ತಂದಳು. ನಿಮ್ಮ ಮನೆಯಲ್ಲಿ ಈಗ ಯಾರೋ ಕಂದಹಾರದ ಕಡೆಯವರು ಇದ್ದಾರಂತೆ. ನಮ್ಮ ನೀಲಿ ಬಾಗಿಲಿಗೆ ಅಮ್ಮ ಹಸಿರು ಬಣ್ಣ ಹೊಡೆಸಿದಳಂತೆ.

ಹೆಸರು ಬರೆಯಬಾರದು ಎಂಬ ನಿನ್ನ ಎಚ್ಚರಿಕೆ ಸರಿ. ಆದರೂ ಒಳಗಡೆ ಒಂದು ಮೂಲೆಯಲ್ಲಾದರೂ ಬರೆ. ಇಲ್ಲಿಗೆ ಬಂದಾಗಿನಿಂದ ನನ್ನನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ. ಅತ್ತೆಗೆ ನಾನು "ಹೆರಾತಿ", ಮನೆಯವರಿಗೆ "ಏ ಹುಡುಗಿ", ಹೊರಗಿನವರಿಗೆ "ಕಮಾಂಡರ್ ಸಾಹೇಬರ ಚಿಕ್ಕ ಮನೆಯವರು". ಆರು ತಿಂಗಳಲ್ಲಿ ನನ್ನ ಹೆಸರು ಕೇಳಿದ್ದು ಅಮ್ಮನ ಬಾಯಿಂದ ಮಾತ್ರ, ತಿಂಗಳಿಗೊಮ್ಮೆ.

ಮನೆಯವರ ಬಗ್ಗೆ ಕೇಳಬೇಕೆಂದು ನಿನಗೆ ಆಸೆ, ನೀನು ಕೇಳುವವಳಲ್ಲ. ನಲವತ್ತು ದಾಟಿದೆ. ಒಂದು ಕಾಲು ಎಳೆಯುತ್ತಾರೆ. ಒಮ್ಮೆ ಮಾತ್ರ ಹೊಡೆದರು, ಕಿಟಕಿಯ ಬಳಿ ನಿಂತದ್ದಕ್ಕೆ. ಒಣ ಏಪ್ರಿಕಾಟ್ ತಿನ್ನುತ್ತ ಬೀಜಗಳನ್ನು ಜೇಬಿನಲ್ಲಿ ಮರೆಯುತ್ತಾರೆ. ಒಗೆಯುವಾಗ ನಾನು ತೆಗೆಯುತ್ತೇನೆ.

ಇಲ್ಲಿ ನನಗೆ ಮಾತಿಗೆ ಸಿಗುವವಳು ಅವರ ಮೊದಲ ಹೆಂಡತಿ, ಗುಲ್‌ಅಂದಾಮ್. ಮೂರು ಹೆಣ್ಣುಮಕ್ಕಳಾಗಿವೆ, ಈಗ ಮತ್ತೆ ಬಸುರಿ. ಮೊದಲ ದಿನವೇ, "ನೀ ಬಂದಿದ್ದು ಒಳ್ಳೇದೇ ಆಯ್ತು, ಕಾಲು ಒತ್ತೋಕೆ ಇನ್ನೊಬ್ರು ಸಿಕ್ಕಿದ್ರು" ಎಂದು ನಗಿಸಿದಳು. ಅತ್ತೆಯೂ ತಮಾಷೆಯವಳೇ. ನಮ್ಮ ಮನೆ ಹೇಗೆ ಸಿಕ್ಕಿತೆಂದು ಊರಿಗೆಲ್ಲ ಹೇಳುತ್ತಾಳೆ. ಗಲ್ಲಿಯಲ್ಲಿ ಕೈಗೆಲ್ಲ ಹಿಟ್ಟು ಮೆತ್ತಿಕೊಂಡ ಕೆಲಸದ ಹುಡುಗಿಯೊಬ್ಬಳು ಬೆರಳು ತೋರಿಸಿದಳಂತೆ. ಐದು ಹೊತ್ತಿನ ನಮಾಜಿನಲ್ಲೂ ಆ ಹುಡುಗಿಗೆ ಒಳ್ಳೆಯದಾಗಲಿ ಎಂದು ಬೇಡುತ್ತಾಳೆ. ನಮ್ಮ ಗಲ್ಲಿಯಲ್ಲಿ ಕೆಲಸದವಳನ್ನು ಇಟ್ಟುಕೊಳ್ಳುವಷ್ಟು ಅನುಕೂಲವಂತರು ಯಾರಪ್ಪಾ ಎಂದು ನನಗೆ ನಗು ಬಂತು.

ಏನು ಬೇಕು ಎಂದು ಕೇಳಿದ್ದೀಯ. ಕೇಸರಿ ಬೇಡ. ನನ್ನ ನೋಟುಬುಕ್ಕು ಬೇಕು. ನಿನ್ನ ಹತ್ತಿರವೇ ಇರಬೇಕು. ಇಲ್ಲಿ ಸೂಲಗಿತ್ತಿ ಇಲ್ಲ. ಹತ್ತಿರದ ಆಸ್ಪತ್ರೆಗೆ ಮೂರು ಗಂಟೆ ದಾರಿ, ಗಂಡಸರು ಊರಲ್ಲಿಲ್ಲದಿದ್ದರೆ ಅದೂ ಇಲ್ಲ. ಚಳಿಗಾಲದಲ್ಲಿ ದಾರಿಯೇ ಇಲ್ಲ. ನಾನು ಎರಡು ವರ್ಷ ಓದಿದ್ದೇನೆಂದು ತಿಳಿದು ಹೆಂಗಸರು ಹಿಂದಿನ ಬಾಗಿಲಿನಿಂದ ಬರುತ್ತಿದ್ದಾರೆ. ಈವರೆಗೆ ನಾಲ್ಕು ಹೆರಿಗೆ, ನಾಲ್ಕೂ ಸಲೀಸು. ಆದರೆ ನೋಟುಬುಕ್ಕಿನ ಮೊದಲ ಪಾಠ, ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ ಏನು ಮಾಡಬೇಕೆಂಬುದು, ನನಗೆ ಬಾರದು. ಆ ದಿನ ನನಗೆ ಜ್ವರ. ಗೆಳತಿಯ ಪುಸ್ತಕದಿಂದ ಗೀಚಿಕೊಂಡು, ಓದದೆ, ನೇರ ನಿನ್ನ ಕೈಗೆ ಕೊಟ್ಟೆ. ಅದನ್ನು ಕಳಿಸು. ಬೇರೇನೂ ಬೇಡ.

ಸನೋಬರ್


ಮಷಹದ್, ೨ ಜದೀ ೧೪೦೧

ಪ್ರೀತಿಯ ಅಕ್ಕನಿಗೆ,

ಹುಡುಗಿಯರಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ ಸುದ್ದಿ ಮೊನ್ನೆ ಇಲ್ಲಿಗೂ ಬಂತು. ಅಪ್ಪ ನನ್ನ ಪದವಿ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ನೋಡಿ, ಮತ್ತೆ ಇಟ್ಟರು. ಅಲ್ಲಿ ನಾನು ಕೂರುತ್ತಿದ್ದ ಕಿಟಕಿಯ ಪಕ್ಕದ ಬೆಂಚು, ಹೊರಗಿನ ದೇವದಾರು ಸಾಲು, ಬೇಸಿಗೆಯ ನೂರಿಪ್ಪತ್ತು ದಿನದ ಗಾಳಿ ಬೀಸುವಾಗ ಅವು ಒಟ್ಟಿಗೆ ಬಾಗುತ್ತಿದ್ದ ರೀತಿ, ಎಲ್ಲ ನೆನಪಾಗುತ್ತದೆ. ಅವನ್ನೇ ಬರೆದರೆ ಪುಟಗಟ್ಟಲೆ ಬರೆಯಬಲ್ಲೆ.

ನೋಟುಬುಕ್ಕಿನ ವಿಷಯ. ಅದು ಇಸ್ಲಾಂ ಕಲಾ ಗಡಿಯಲ್ಲಿ ಹೋಯಿತು ಅಕ್ಕಾ. ಚೀಲಗಳನ್ನು ನೆಲಕ್ಕೆ ಸುರಿದು ತಪಾಸಣೆ ಮಾಡುವಾಗ ಎಲ್ಲೋ ಬಿದ್ದುಹೋಗಿರಬೇಕು. ಹೇಳಲು ನಾಚಿಕೆಯಾಗಿ ಹಿಂದಿನ ಪತ್ರದಲ್ಲಿ ಬರೆದಿರಲಿಲ್ಲ. ಕ್ಷಮಿಸು.

ಖಾಲಾ ಬಾಗಿಲಿಗೆ ಬಣ್ಣ ಏಕೆ ಬದಲಿಸಿದರು? ಏನಾದರೂ ಹೇಳಿದರೇ?

ಹುಟ್ಟುವ ಮಗುವಿಗೆಂದು ಹತ್ತಿಯ ಎರಡು ಅಂಗಿ ಹೊಲಿದಿದ್ದೇನೆ. ಉಣ್ಣೆಯ ಕಾಲುಚೀಲ ನಿನಗೆ.

ನಿನ್ನ ತಂಗಿ


ಓಬೆ, ೯ ಹೂತ್ ೧೪೦೧

ಬನಫ್ಶಾ,

ಹಿಮ ಕರಗುವವರೆಗೆ ಅಮ್ಮ ಬರಲಾಗಲಿಲ್ಲ, ಅದಕ್ಕೇ ತಡ. ಬಣ್ಣ ಏಕೆ ಬದಲಿಸಿದಳು ಎಂದು ಕೇಳಿದೆ. "ನೀಲಿ ಬಣ್ಣ ಅಂಗಡೀಲಿ ಇರ್ಲಿಲ್ಲ" ಎಂದಳು.

ನೋಟುಬುಕ್ಕು ಹೋದರೆ ಹೋಯಿತು. ಗಡಿಯಲ್ಲಿ ಜನರೇ ಕಳೆದುಹೋಗುತ್ತಾರೆ. ಆದರೆ ನೀನು ನಕಲು ಮಾಡಲು ಶುರು ಮಾಡಿದ್ದೆಯಲ್ಲ? ಮೊದಲ ಪಾಠದಲ್ಲಿ ಒಂದು ಚಿತ್ರವಿತ್ತು, ಎರಡು ಕೈಗಳದ್ದು. ನೀನು ಚಿತ್ರವನ್ನು ಒಮ್ಮೆ ನೋಡಿದರೆ ಮರೆಯುವವಳಲ್ಲ. ಒಂದು ಕೈ ಎಲ್ಲಿ, ಇನ್ನೊಂದು ಎಲ್ಲಿ? ಮುಷ್ಟಿಯೋ ಅಂಗೈಯೋ? ಎಷ್ಟು ಹೊತ್ತು ಒತ್ತಬೇಕು? ನೆನಪಿದ್ದಷ್ಟು ಬರೆ. ಗೆಳತಿಯರ ಫೋನ್ ನಂಬರುಗಳೆಲ್ಲ ನನ್ನ ಫೋನಿನಲ್ಲಿದ್ದವು. ಆ ಫೋನನ್ನು ಮದುವೆಯ ಮರುದಿನವೇ ಮನೆಯವರು ಬಾವಿಗೆ ಹಾಕಿದರು.

ಗುಲ್‌ಅಂದಾಮ್‌ಗೆ ಏಳು ತುಂಬಿತು. ಕಾಲು ಊದಿದೆ, ಮುಖ ಬಿಳಚಿದೆ. ನಿನ್ನ ಅಂಗಿಗಳನ್ನು ನೋಡಿ, "ಯಾರು ನಿನ್ ತಂಗಿ, ಇಷ್ಟು ಸಣ್ಣ ಹೊಲಿಗೆ ಹಾಕ್ತಾಳೆ? ಕಣ್ಣು ಹೋಗುತ್ತೆ ಅನ್ನು" ಎಂದಳು. "ಈ ಸಲ ಗಂಡಾಗದಿದ್ರೆ ಅತ್ತೆ ನನ್ನ ಕುರಿ ಮಂದೆಗೆ ಸೇರಿಸ್ತಾಳೆ" ಎಂದೂ ಅಂದಳು. ಅವಳ ಕೊನೆಯ ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತಂತೆ. ಒಮ್ಮೆ ಹಾಗಾದವರಿಗೆ ಮತ್ತೆ ಆಗುತ್ತದೆ ಎಂಬುದಷ್ಟು ನನಗೆ ಗೊತ್ತು. ಸೌರ್ ತಿಂಗಳ ನಡುವಿಗೆ ಹೆರಿಗೆ, ಇನ್ನೆರಡೇ ತಿಂಗಳು. ಅಷ್ಟರೊಳಗೆ ಬರೆ.

ಸನೋಬರ್


ಮಷಹದ್, ೫ ಹಮಲ್ ೧೪೦೨

ಪ್ರೀತಿಯ ಅಕ್ಕನಿಗೆ ಹೊಸ ವರ್ಷದ ಶುಭಾಶಯ.

ನಮ್ಮ ಹಬ್ಬಕ್ಕೆ ಏಳು ಒಣಹಣ್ಣು ನೆನೆಹಾಕಿದ್ದೆ. ಅಪ್ಪ ಒಂದೇ ಬಟ್ಟಲು ಕುಡಿದು, "ಖಾಲಾ ಹಲೀಮಾ ಹಾಕೋ ಬಾದಾಮಿ ಇದ್ರಲ್ಲಿಲ್ಲ" ಎಂದರು.

ಚಿತ್ರ ನನಗೆ ಸರಿಯಾಗಿ ನೆನಪಿಲ್ಲ ಅಕ್ಕಾ. ತಪ್ಪಾಗಿ ಬರೆದರೆ ಅಪಾಯ. ಇಲ್ಲಿ ಪುಸ್ತಕದಂಗಡಿಗೆ ಹೋಗಿ ಕೇಳಬೇಕೆಂದಿದ್ದೇನೆ, ಆದರೆ ಕಾಗದಪತ್ರ ಸರಿಯಿಲ್ಲದವರನ್ನು ಬೀದಿಯಲ್ಲೇ ಹಿಡಿಯುತ್ತಿದ್ದಾರೆ, ಆ ಕಡೆ ಹೋಗಲು ಅಪ್ಪ ಬಿಡುತ್ತಿಲ್ಲ. ಬಿಟ್ಟ ಕೂಡಲೇ ಹೋಗುತ್ತೇನೆ. ಅವಳಿಗೆ ಬೆಚ್ಚಗಿನ ಆಹಾರ ಕೊಡು, ಭಾರ ಎತ್ತಲು ಬಿಡಬೇಡ. ಎಲ್ಲ ಸರಿಹೋಗುತ್ತದೆ. ದಿನವೂ ಪ್ರಾರ್ಥಿಸುತ್ತಿದ್ದೇನೆ.

ನಿನ್ನ ತಂಗಿ


ಓಬೆ, ೧೮ ಜೌಜಾ ೧೪೦೨

ಬನಫ್ಶಾ,

ಗುಲ್‌ಅಂದಾಮ್ ತೀರಿಕೊಂಡಳು. ಸೌರ್ ಇಪ್ಪತ್ತೊಂದು, ಬೆಳಿಗ್ಗೆ ಹತ್ತರ ಸುಮಾರು.

ಮಗು ಸುಲಭವಾಗಿಯೇ ಬಂತು. ಗಂಡು. ಅತ್ತೆ ಅಂಗಳಕ್ಕೆ ಓಡಿ ಕುರಿ ಕಡಿಯಲು ಹೇಳಿದಳು. ಆಮೇಲೆ ರಕ್ತ ಶುರುವಾಯಿತು. ಹೊಟ್ಟೆ ಉಜ್ಜಿದೆ. ಮಗುವನ್ನು ಎದೆಗೆ ಹಿಡಿಸಿದೆ. ಮೂತ್ರ ಖಾಲಿ ಮಾಡಿಸಿದೆ. ಇಷ್ಟು ಎರಡನೇ ವರ್ಷದಲ್ಲೇ ಕಲಿತದ್ದು. ಮುಂದಿನದು ಗೊತ್ತಿರಲಿಲ್ಲ. ಎರಡು ಕೈಗಳನ್ನೂ ಎಲ್ಲೆಲ್ಲೋ ಇಟ್ಟು ಒತ್ತಿದೆ. ಒಂದು ರೀತಿ ಇಟ್ಟಾಗ ಕಡಿಮೆಯಾದ ಹಾಗೆ ಅನ್ನಿಸಿತು, ಆದರೆ ಅದು ಸರಿಯೆಂದು ಗೊತ್ತಿರಲಿಲ್ಲವಾದ್ದರಿಂದ ಕೈ ಬದಲಿಸಿದೆ.

ಮನೆಯವರು ಗಾಡಿ ತೆಗೆದುಕೊಂಡು ಹೆರಾತ್‌ಗೆ ಹೋಗಿದ್ದರು. ಗಾಡಿಯಿದ್ದ ಇನ್ನೊಬ್ಬ, "ಅವಳ ಗಂಡಸರಿಲ್ದೆ ನಾನ್ ಹೆಂಗ್ ಕರ್ಕೊಂಡ್ ಹೋಗ್ಲಿ, ದಾರೀಲಿ ಕೇಳಿದ್ರೆ ಏನ್ ಹೇಳ್ಲಿ" ಎಂದ.

ಅವಳು ಕೊನೆಯಲ್ಲಿ ಅಂದದ್ದು, "ಕೈ ತೆಗೀಬೇಡ್ವೇ ಹೆರಾತಿ, ಬೆಚ್ಚಗಿದೆ."

ಗೋರಿಯ ಮೇಲೆ ಒಂದು ಕಲ್ಲು ನೆಟ್ಟಿದ್ದಾರೆ. ಹೆಸರಿಲ್ಲ. ಮೂರನೆಯ ದಿನ ಹಲ್ವ ಹಂಚುವಾಗ ಮೌಲ್ವಿ, "ಕಮಾಂಡರ್ ಸಾಹೇಬರ ಮನೆಯವರ ಆತ್ಮಕ್ಕೆ" ಎಂದು ಓದಿದರು. ಒಳಕೋಣೆಯಲ್ಲಿದ್ದ ನಾನೂ ಅವರ ಮನೆಯವಳೇ. ಯಾರ ಆತ್ಮಕ್ಕೋ.

ನನಗೂ ಮೂರು ತಿಂಗಳಾಗಿದೆ. ಹೆರಿಗೆ ಕೌಸ್ ತಿಂಗಳಲ್ಲಿ, ಚಳಿಗಾಲ ಶುರುವಾಗುವ ಹೊತ್ತಿಗೆ.

ಪುಸ್ತಕದಂಗಡಿ ಇನ್ನು ಬೇಡ. ಅಪ್ಪನ ಮಾತು ಕೇಳಿಕೊಂಡು ಮನೆಯಲ್ಲಿರು.

ಸನೋಬರ್


ಮಷಹದ್, ೨ ಸರತಾನ್ ೧೪೦೨

ಸನೋಬರ್,

ನೋಟುಬುಕ್ಕು ಕಳಿಸಿದ್ದೇನೆ. ಅದು ಕಳೆದುಹೋಗಿರಲಿಲ್ಲ.

ಒಂದು ವರ್ಷದಿಂದ ನನ್ನ ದಿಂಬಿನ ಕೆಳಗಿತ್ತು. ಅದರ ಹಿಂದಿನ ಹಾಳೆಗಳಲ್ಲಿ ನಾನು ಬರೆದದ್ದಿದೆ, ನೀನು ಓದಬೇಕು. ಕೆಲಸದ ಹುಡುಗಿ ಯಾರೆಂದು ಅಲ್ಲಿದೆ. ನೀನು ನೋಟುಬುಕ್ಕು ಕೇಳಿದಾಗ ಆ ಹಾಳೆಗಳನ್ನು ಹರಿಯಲು ಹೋದೆ. ನಡುವೆ ಹೊಲಿದ ಪುಸ್ತಕ, ಹಿಂದಿನ ಹಾಳೆ ಎಳೆದರೆ ಅದರ ಜೋಡಿಯಾದ ಮುಂದಿನ ಹಾಳೆ, ನಿನ್ನ ಮೊದಲ ಪಾಠ, ಸಡಿಲವಾಯಿತು. ಅದಕ್ಕೇ ಬಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ದಿನವಿಡೀ ಬಟ್ಟೆ ಕತ್ತರಿಸುವವಳಿಗೆ ಬೆರಳಗಲ ಅಂಚು ಬಿಟ್ಟು ಕತ್ತರಿಸಲು ಬರುವುದಿಲ್ಲವೇ? ಹಾಳೆ ಕತ್ತರಿಸಿ ಕಳಿಸಿದರೆ ನಿನಗೆ ಎಂದೂ ಹೇಳಲಾರೆ. ಹಾಗೇ ಕಳಿಸಿದರೆ ಹೇಳಿದಂತಾಗುತ್ತದೆ. ಎರಡಕ್ಕೂ ಧೈರ್ಯ ಸಾಲದೆ "ಕಳೆದುಹೋಯಿತು" ಎಂದು ಬರೆದೆ. ಆ ಮಾತು ಬೆರಳು ತೋರಿಸಿದಷ್ಟೇ ಬೇಗ ಬಂತು. ಒಮ್ಮೆ ಕಳೆದುಹೋಯಿತು ಎಂದ ಮೇಲೆ ನಕಲು ಎಲ್ಲಿಂದ ಕಳಿಸಲಿ? ಚಿತ್ರ ನೆನಪಿಲ್ಲ ಎಂದು ಬರೆಯುವಾಗ ಅದು ನನ್ನ ಮುಂದೆ ತೆರೆದಿತ್ತು. ನೀನು ಕೇಳಿದ ಮೂರು ಪ್ರಶ್ನೆಗಳಿಗೂ ಉತ್ತರ ಅದರ ಪಕ್ಕದಲ್ಲೇ ಇತ್ತು.

ಅಪ್ಪ ಹೋಗಲು ಬಿಡುವುದಿಲ್ಲ ಎಂದದ್ದೂ ಸುಳ್ಳು. ಅಪ್ಪನಿಗೆ ನಾನು ಏನನ್ನೂ ಕೇಳಿರಲಿಲ್ಲ.

ಕಾಕಾ ನಿಯಾಜ್ ಕೈಗೆ ಕೊಡುವಾಗ, "ಇದೇನಮ್ಮಾ, ಈ ಸಲ ಮಿಠಾಯಿ ಇಲ್ವಾ, ಬರೀ ಪುಸ್ತಕ?" ಎಂದರು. ಇಲ್ಲ ಎಂದೆ. ಲಾರಿಯ ಮೇಲೂ ನನ್ನ ಮೇಲೂ ನಂಬಿಕೆ ಸಾಲದೆ ಮೊದಲ ಪಾಠದ ಒಂದು ಪ್ರತಿ ಮಾಡಿ ಇಟ್ಟುಕೊಂಡಿದ್ದೇನೆ. ಆ ಕೆಲಸಕ್ಕೆ ಬೇಕಾದದ್ದು ಒಂದು ಮಧ್ಯಾಹ್ನ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬಹುದು.

ಬನಫ್ಶಾ


ಓಬೆ, ೨೫ ಅಸದ್ ೧೪೦೨

ಬನಫ್ಶಾ,

ಮೊದಲು ಮುಂದಿನ ಹಾಳೆ ಓದಿದೆ. ಮೂರು ಸಲ. ಚಿತ್ರದ ಹಾಗೆ ಕೈ ಇಟ್ಟು ನೋಡಿದೆ. ಗುಲ್‌ಅಂದಾಮ್ ಮೇಲೆ ಎರಡನೆಯ ಸಲ, ರಕ್ತ ಕಡಿಮೆಯಾದ ಹಾಗೆ ಅನ್ನಿಸಿದಾಗ, ಕೈ ಇಟ್ಟ ರೀತಿ ಅದೇ. ಬದಲಿಸಬಾರದಿತ್ತು.

ಎರಡು ದಿನ ಬಿಟ್ಟು ಹಿಂದಿನ ಹಾಳೆಗಳನ್ನು ಓದಿದೆ.

ನಿನಗೆ ನಾನೂ ಕೆಲವು ಮಾತು ಹೇಳಿರಲಿಲ್ಲ. ಅತ್ತೆ ಮೊದಲ ವಾರವೇ ಅಂದಿದ್ದಳು, "ಕಥೆ ಓದಿದೋಳು ಅಂದಿದ್ರು, ನೋಡಿದ್ರೆ ಇವಳು ಹೆರಿಗೆ ಓದಿದೋಳು. ಇರ್ಲಿ, ಕುರಿ ಈಯೋವಾಗಾದ್ರೂ ಬೇಕಾಗ್ತಾಳೆ." ಕಥೆ ಓದಿದವಳು ನಮ್ಮ ಗಲ್ಲಿಯಲ್ಲಿ ಯಾರಿದ್ದಳು? ಹಿಟ್ಟಿನ ಕೈಯ ಹುಡುಗಿ ಯಾರೆಂದು ನಾನು ಯೋಚಿಸಲಿಲ್ಲ ಎಂದರೆ ಸುಳ್ಳು. ಯೋಚಿಸಿ, ಪಕ್ಕಕ್ಕಿಟ್ಟೆ. ಹೆಸರು ಬರೆದು ಸಹಿ ಮಾಡಲು ನನಗೆ ಉಳಿದಿದ್ದವಳು ನೀನೊಬ್ಬಳೇ. ಬಾಗಿಲ ಬಣ್ಣದ ಮಾತು ಮಾತ್ರ ಬರೀ ಬಣ್ಣದ ಮಾತು, ಅದರಲ್ಲಿ ಅನುಮಾನವಿರಲಿಲ್ಲ.

ನಿನ್ನ ಬೆರಳು ಅವರನ್ನು ಬಾಗಿಲ ತನಕ ತಂದಿತು. ಬಾಗಿಲಿನಿಂದ ಒಪ್ಪಿಗೆಯ ಮಿಠಾಯಿ ತಟ್ಟೆಯ ತನಕ ಹನ್ನೊಂದು ದಿನ. ಆರನೆಯ ದಿನ ಫೋನಿನಲ್ಲಿ ಹಾಡು ಇಟ್ಟುಕೊಂಡಿದ್ದನೆಂದು ನನ್ನ ಅಣ್ಣನನ್ನು ಹಿಡಿದುಕೊಂಡು ಹೋದರು. ಒಂಬತ್ತನೆಯ ದಿನ ಸೋದರಮಾವ ಬಂದು ಅಮ್ಮನಿಗೆ, "ಹೂಂ ಅನ್ನಕ್ಕಾ, ಹುಡುಗ ಬರ್ತಾನೆ" ಎಂದರು. ಹನ್ನೊಂದನೆಯ ದಿನ ತಟ್ಟೆ ಎತ್ತಿ ಕೊಟ್ಟವಳು ಅಮ್ಮ. ಅದರ ಮೇಲೆ ಹೊದಿಸಿದ ಕರವಸ್ತ್ರ ಹೊಲಿದವಳು ನಾನು. ಮರುದಿನ ಅಣ್ಣ ಮನೆಗೆ ಬಂದ. ಇಷ್ಟು ಜನರ ಪಾಲನ್ನೂ ನೀನೊಬ್ಬಳೇ ಹೊತ್ತುಕೊಂಡು ಕೂತಿದ್ದೀಯ. ಇಳಿಸು. ಅದು ನಿನ್ನದಲ್ಲ.

ಆದರೆ ನೋಟುಬುಕ್ಕು ನಿನ್ನದು. ಅದರಲ್ಲಿ ಯಾರ ಪಾಲೂ ಇಲ್ಲ. ಕಮಾಂಡರ್ ಇಲ್ಲ, ಗಾಡಿಯಿಲ್ಲ, ಬಾವುಟವಿಲ್ಲ. ನಾನು ಎರಡು ಪತ್ರದಲ್ಲಿ ಕೇಳಿದೆ, ನೀನು ನನಗೆ ಕಾಲುಚೀಲ ಕಳಿಸಿದೆ. ಗುಲ್‌ಅಂದಾಮ್‌ಗೆ ಇಪ್ಪತ್ತೆಂಟು ವರ್ಷ. ಎಡಗೆನ್ನೆಯಲ್ಲಿ ಹಚ್ಚೆಯ ಮೂರು ಚುಕ್ಕೆ. ನಿನ್ನ ಅಂಗಿಗಳನ್ನು ಮಗು ಈಗ ಹಾಕಿಕೊಳ್ಳುತ್ತದೆ. ಇವನ್ನು ನೀನು ಮರೆಯಬಾರದು ಎಂದೇ ಬರೆಯುತ್ತಿದ್ದೇನೆ. ಇದಕ್ಕೆ ನನ್ನ ಹತ್ತಿರ ಇನ್ನೂ ಕ್ಷಮೆಯಿಲ್ಲ. ಮುಂದೆ ಬಂದರೆ ಹೇಳುತ್ತೇನೆ.

ನೀನು ಬರೆದ ಹಾಳೆಗಳನ್ನು ಕಿತ್ತೆ. ನೀನು ಹೇಳಿದಂತೆಯೇ ಮುಂದಿನವು ಸಡಿಲವಾದವು. ರಜಾಯಿಯ ದಾರದಿಂದ ಹೊಲಿದೆ. ಕಿತ್ತವನ್ನು ಸುಡಲಿಲ್ಲ, ಇಲ್ಲಿ ಕಾಗದ ಸಿಗುವುದಿಲ್ಲ. ಅವುಗಳ ಹಿಂಬದಿಯಲ್ಲಿ, ನಿನ್ನ ಶಾಯಿ ಇಳಿದಿರದ ಕಡೆ, ನನ್ನ ಕೈಯಲ್ಲಿ ಹೆರಿಗೆಯಾದ ತಾಯಂದಿರ ಹೆಸರು ಬರೆಯುತ್ತಿದ್ದೇನೆ. ಮೊದಲನೆಯದು ಅವಳದು. ಈಗ ಹದಿನಾಲ್ಕು. ಕೇಳಿದರೆ ನಾಚಿಕೊಳ್ಳುತ್ತಾರೆ. ಒಬ್ಬಳು, "ನನ್ ಹೆಸರಾ? ತಡಿ, ನೆನಪು ಮಾಡ್ಕೋತೀನಿ" ಎಂದಳು. ಸುಳ್ಳಲ್ಲ, ಸ್ವಲ್ಪ ಹೊತ್ತು ಯೋಚಿಸಿಯೇ ಹೇಳಿದಳು.

ಈಗ ಕೆಲಸದ ಮಾತು. ಈ ಹಳ್ಳಿಯಲ್ಲಿ ಆರನೇ ಕ್ಲಾಸಿನ ತನಕ ಓದಿದ ಮೂವರು ಹುಡುಗಿಯರಿದ್ದಾರೆ. ಕೌಸ್‌ನಲ್ಲಿ ನನ್ನ ಸರದಿ ಬಂದಾಗ ಕೈ ಇಡಬೇಕಾದವರು ಅವರೇ, ನನ್ನ ಕೈಗಳಂತೂ ನನಗೆ ಆಗುವುದಿಲ್ಲ. ನಿನ್ನ ಹತ್ತಿರ ಉಳಿದ ಪ್ರತಿಯಿಂದ ಮೂರು ಪ್ರತಿ ಮಾಡು. ದಪ್ಪ ಅಕ್ಷರ, ಸುಲಭ ಮಾತು. ಅಂಚಿಗೆ ಹೂಬಳ್ಳಿ ಬಿಡಿಸಬೇಡ. ಹಿಮ ಬೀಳುವ ಮುಂಚೆ ಅಮ್ಮ ಇನ್ನೆರಡು ಸಲ ಬರುತ್ತಾಳೆ.

ಸನೋಬರ್


ಮಷಹದ್, ೧೪ ಸುಂಬುಲಾ ೧೪೦೨

ಸನೋಬರ್,

ಮೂರು ಪ್ರತಿ. ಹೂಬಳ್ಳಿ ಇಲ್ಲ. ಅಪ್ಪನ ಮುಂದೆ ಓದಿದೆ. ಅರ್ಥವಾಗದ ಕಡೆ ಅವರು ಮುಖ ಕೆಂಪು ಮಾಡಿಕೊಂಡೇ ತಡೆದರು, ಅಲ್ಲೆಲ್ಲ ಮಾತು ಬದಲಿಸಿದ್ದೇನೆ. ಒಂದೊಂದು ಪ್ರತಿ ಒಂದೊಂದು ಕಡೆ: ಬಿಸ್ಕತ್ತಿನ ಡಬ್ಬ, ದಿಂಬು, ಕಾಕಾ ನಿಯಾಜ್‌ರ ಚಹಾ ಪೆಟ್ಟಿಗೆ. ಒಂದು ಹೋದರೂ ಎರಡು ಬರುತ್ತವೆ. ಮುಂದಿನ ಲಾರಿಗೆ ಮತ್ತೆ ಮೂರು ಕಳಿಸುತ್ತೇನೆ.

ಗುಲ್‌ಅಂದಾಮ್. ಇಪ್ಪತ್ತೆಂಟು. ಎಡಗೆನ್ನೆ, ಮೂರು ಚುಕ್ಕೆ.

ಪಾಠದಲ್ಲಿ ಒಂದು ಬದಲಾವಣೆ ನಿನ್ನನ್ನು ಕೇಳದೆ ಮಾಡಿದ್ದೇನೆ. ಪುಸ್ತಕದಲ್ಲಿ "ತಾಯಿ" ಎಂದು ಹನ್ನೊಂದು ಕಡೆ ಇದೆ. ಆ ಹನ್ನೊಂದು ಕಡೆಯೂ ನಿನ್ನ ಹೆಸರು ಬರೆದಿದ್ದೇನೆ. ಹುಡುಗಿಯರು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ ಹೇಳುತ್ತ ಮಾಡಬೇಕು ಎಂದು ಮೇಲುಗಡೆಯೇ ಇದೆ. ಅದರ ಕೆಳಗೆ ಹೀಗಿದೆ:

ಸನೋಬರ್‌ಳ ಹೊಟ್ಟೆಯ ಮೇಲೆ ಒಂದು ಕೈ ಇಡಿ. ಇನ್ನೊಂದು ಕೈಯನ್ನು ಚಿತ್ರದಲ್ಲಿರುವಂತೆ ಮುಷ್ಟಿ ಮಾಡಿ. ಎರಡರ ನಡುವೆ ಗಟ್ಟಿಯಾಗಿ ಒತ್ತಿ. ಸನೋಬರ್‌ಳ ಜೊತೆ ಮಾತಾಡುತ್ತಿರಿ. ರಕ್ತ ನಿಂತು, ಹೊಟ್ಟೆ ಗಟ್ಟಿಯಾಗುವ ತನಕ ಕೈ ಬದಲಿಸಬೇಡಿ, ಕೈ ತೆಗೆಯಬೇಡಿ.

ಬನಫ್ಶಾ